ಏಳು ಜನರನ್ನು ದಾಟಿದ ಗೋಲು

ನೀವು ಯಾವತ್ತಾದರೂ ನನ್ನ ಅಂಗಡಿಗೆ ಬಂದಿದ್ದರೆ ಬಡಗಿಯ ಗೋಲಿನ ಕಥೆ ನಿಮಗೆ ಗೊತ್ತೇ ಇರುತ್ತದೆ. ನಾನು ಕನ್ನಡಕದ ವ್ಯಾಪಾರಿ. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಕಣ್ಣು ಪರೀಕ್ಷೆಯ ಆ ಭಾರದ ಫ್ರೇಮು ಸಿಕ್ಕಿಸಿ, ಒಂದು ಕಣ್ಣು ಮುಚ್ಚಿಬಿಟ್ಟರೆ ಆಸಾಮಿ ಎದ್ದು ಓಡುವಂತಿಲ್ಲ. ಆಗ ಶುರುಮಾಡುತ್ತೇನೆ.

"ಈಗಿನದು ಫುಟ್ಬಾಲೇ ಅಲ್ಲ ಸ್ವಾಮಿ. ನಮ್ಮ ಕಾಲದಲ್ಲಿ ಬಡಗಿ ಅಂತ ಒಬ್ಬ ಇದ್ದ. ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ಪಾಸು ಕೊಡ್ತಿದ್ದ, ಅದಕ್ಕೇ ಆ ಹೆಸರು. ಫೈನಲ್ಲಿನಲ್ಲಿ ಏಳು ಜನರನ್ನ ದಾಟಿ ಗೋಲು ಹೊಡೆದ. ಕಣ್ಣಾರೆ ಕಂಡಿದೀನಿ. ಹ್ಞಾಂ, ಕೆಳಗಿನ ಸಾಲು ಓದಿ."

(ಬಡಗಿ ದಾಟಿದ್ದು ನಮ್ಮ ಮದುವೆಯ ವರ್ಷ ಮೂರು ಜನರನ್ನು, ಮಗಳು ಹುಟ್ಟಿದಾಗ ಐದು ಜನರನ್ನು, ಹೀಗೇ ಬಿಟ್ಟರೆ ಮೊಮ್ಮಕ್ಕಳ ಕಾಲಕ್ಕೆ ರೆಫರಿಯನ್ನೂ ದಾಟಿಸುತ್ತೀರಿ ಎಂಬುದು ನನ್ನ ಹೆಂಡತಿಯ ತಕರಾರು.)

ಹೀಗಿರುವಾಗ ಬಡಗಿ ಆಡಿದ್ದ ಅದೇ ಕ್ಲಬ್ಬಿನ ಮಹಿಳಾ ತಂಡಕ್ಕೆ ನನ್ನ ಮಗಳು ಗೋಲ್‌ಕೀಪರ್ ಆಗಿ ಆಯ್ಕೆಯಾದಳು. ಶಾಲೆಯ ಆಟವಲ್ಲ, ಸಂಬಳದ ಆಟ! ನನಗೆ ಎದೆ ಎಷ್ಟು ಉಬ್ಬಿತೆಂದರೆ ಶರ್ಟಿನ ಗುಂಡಿ ಹಾಕಲಾಗಲಿಲ್ಲ. ಆದರೆ ನನ್ನ ನಾಲಿಗೆ ಇದೆಯಲ್ಲ, ಅದು ನನ್ನ ಮಾತು ಕೇಳಿದ್ದು ಯಾವಾಗ?

"ಭಾನುವಾರ ಮೊದಲ ಮ್ಯಾಚು ಅಪ್ಪಾ, ಬರ್ತೀಯಲ್ಲ?" ಅಂದಳು.

"ಬರ್ತೀನಮ್ಮಾ. ಆದ್ರೆ ಈಗಿನ ಕೀಪರ್‌ಗಳು ಕೈ ಬಿಟ್ಟು ಕಾಲಲ್ಲೇ ಆಡ್ತಾರೆ. ನಮ್ಮ ಕಾಲದಲ್ಲಿ..."

ಮಗಳ ಮುಖ ಇಳಿದುಹೋಯಿತು. "ನೀನು ಬರೋದೇ ಬೇಡ. ಶಾಲೆ ಮ್ಯಾಚಲ್ಲೂ ಇದೇ ರಾಗ. ನೀನು ಕೂತಲ್ಲಿ 'ನಮ್ಮ ಕಾಲದಲ್ಲಿ' ಅಂದ್ರೆ ನನಗೆ ಗೋಲ್ ಹತ್ರ ಕೇಳಿಸುತ್ತೆ, ಗೊತ್ತಾ? ಚೆಂಡಿನ ಮೇಲೆ ಗಮನಾನೇ ಇರಲ್ಲ."

ಇದು ನನಗೆ ಗೊತ್ತಿರಲಿಲ್ಲ. ಆಮೇಲೆ ಅವಳೇ ಒಂದು ಪಂಥ ಕಟ್ಟಿದಳು. ಕ್ಲಬ್ಬಿನವರು ಹಳೆಯ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿದ್ದಾರಂತೆ. ಆ ಫೈನಲ್ ಕೂಡ ಇದೆಯಂತೆ. ಅದರಲ್ಲಿ ಏಳು ಜನ ಇದ್ದರೆ ನಾನು ಬಂದು ಬಾಯಿತುಂಬ ಕೂಗಬಹುದು. ಇಲ್ಲದಿದ್ದರೆ ಬಂದು ಪೂರ್ತಿ ತೊಂಬತ್ತು ನಿಮಿಷ ತುಟಿ ಬಿಚ್ಚಬಾರದು.

"ಹಾಕು!" ಅಂದೆ, ಸಿಂಹಾಸನಾರೂಢ ಚಕ್ರವರ್ತಿಯ ಗತ್ತಿನಲ್ಲಿ. (ಕೂತಿದ್ದು ಒಂದು ಕಾಲು ಅಲುಗಾಡುವ ಸ್ಟೂಲಿನ ಮೇಲೆ.)

ಆಟ ಶುರುವಾಯಿತು. ನಮ್ಮ ಹಿಂಬದಿಯ ಆಟಗಾರ ಚೆಂಡನ್ನು ಕೀಪರಿಗೆ ಕೊಟ್ಟ. ಕೀಪರ್ ಕೈಯಲ್ಲಿ ಎತ್ತಿಕೊಂಡು ಅವನಿಗೇ ಕೊಟ್ಟ. ಅವನು ಮತ್ತೆ ಕೀಪರಿಗೆ ಕೊಟ್ಟ.

"ಇದೇನಪ್ಪಾ, ಮದುವೆ ಮನೇಲಿ ಉಡುಗೊರೆ ವಾಪಸ್ ಮಾಡ್ತಿದಾರಾ?"

"ನಮ್ಮವರೇ ಕೊಟ್ಟ ಚೆಂಡನ್ನ ಕೀಪರ್ ಕೈಯಲ್ಲಿ ಹಿಡಿಯೋಕೆ ಆಗ ನಿಯಮ ಬಿಡ್ತಿತ್ತಮ್ಮಾ," ಅಂದೆ. ದನಿ ಸ್ವಲ್ಪ ತಗ್ಗಿತ್ತು. ಆದರೆ ತಲೆಗೆ ಬ್ಯಾಂಡೇಜು ಸುತ್ತಿಕೊಂಡ ಒಬ್ಬ, ಕೆಸರು ಮೆತ್ತಿದ ಆ ಕಲ್ಲಿನಂಥ ಚೆಂಡನ್ನು ಅದೇ ತಲೆಯಿಂದ ಹೊಡೆದಾಗ ಮಗಳು ನಗುವುದನ್ನು ನಿಲ್ಲಿಸಿ ಮುಂದಕ್ಕೆ ಬಾಗಿದಳು. "ಅಬ್ಬಾ! ಇವರನ್ನ ಮೆಚ್ಚಬೇಕಪ್ಪ," ಅಂದಳು. ನನಗೆ ಜೀವ ಬಂತು.

ಆಮೇಲೆ ಆ ಗಳಿಗೆ ಬಂತು. ಬಡಗಿಗೆ ಚೆಂಡು ಸಿಕ್ಕಿತು. ಎದುರಿಗೆ ಒಬ್ಬ ಬಂದ. ಕೆಸರಿನಲ್ಲಿ ತಾನಾಗಿಯೇ ಜಾರಿ ಬಿದ್ದ. ಬಡಗಿ ಹೊಡೆದ. ಗೋಲು. ಅಷ್ಟೇ.

"ಇನ್ನಾರು ಜನ ಎಲ್ಲಪ್ಪಾ? ರಜೆ ಮೇಲಿದ್ರಾ?"

ಅಷ್ಟರಲ್ಲಿ ಕ್ಯಾಮೆರಾ ಜನರ ಕಡೆ ತಿರುಗಿತು. ಸಾವಿರಾರು ಜನ ಕೈಯೆತ್ತಿ ಕುಣಿಯುತ್ತಿದ್ದರು. ನಡುವೆ ಒಬ್ಬನೇ ಒಬ್ಬ, ಚೌಕಳಿ ಶರ್ಟಿನವನು, ಮೈದಾನಕ್ಕೆ ಬೆನ್ನು ಹಾಕಿ, ಬೆರಳೆತ್ತಿ ಹಿಂದಿನ ಸಾಲಿನ ಮುದುಕರೊಬ್ಬರ ಜೊತೆ ಜಗಳವಾಡುತ್ತಿದ್ದ. ಮಗಳು ಅಲ್ಲಿಗೇ ನಿಲ್ಲಿಸಿದಳು.

"ಅಪ್ಪಾ, ಈ ಶರ್ಟು ನಮ್ಮ ಆಲ್ಬಮ್‌ನಲ್ಲಿದೆ."

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಆ ಮುದುಕರು ಅರ್ಧ ಗಂಟೆಯಿಂದ "ಇದೂ ಒಂದು ಆಟಾನಾ? ನಮ್ಮ ಕಾಲದ ಫುಟ್ಬಾಲ್ ನೋಡಬೇಕಿತ್ತು" ಎಂದು ಕಿವಿ ಕೊರೆಯುತ್ತಿದ್ದರು. ಬಡಗಿಯ ಕಾಲವನ್ನು ಹೀಗಳೆದರೆ ಸುಮ್ಮನಿರಲಾದೀತೇ? ತಿರುಗಿ ಜಾಡಿಸುತ್ತಿದ್ದೆ. ಅವರ ಪಕ್ಕದಲ್ಲಿ ಎರಡೂ ಕೈಯೆತ್ತಿ ಹಾರುತ್ತಿದ್ದ ಹುಡುಗಿ ಅವರ ಮಗಳು. ಮುಂದೆ ಅವರು ನನ್ನ ಮಾವನಾದರು. ಆ ಹುಡುಗಿಯೇ ಈಗ ನನ್ನ ಸ್ಟೂಲಿನ ಹಿಂದೆ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಅಮ್ಮಾ, ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಗೋಲು ಹೇಗೆ ಹೊಡೆದ ಅಂತ ಆಮೇಲೆ ಇವರು ನನ್ನನ್ನೇ ಕೇಳಿದ್ರು. ಪಾಪ, ಅಳೋ ಹಾಗಿದ್ರು. ಮೂರು ಜನರನ್ನ ದಾಟಿದ ಅಂತ ನಾನೇ ಸೇರಿಸಿ ಹೇಳಿದೆ. ಉಳಿದ ನಾಲ್ಕು ಇವರ ಸ್ವಂತ ದುಡಿಮೆ."

ಭಾನುವಾರ ಗೋಲಿನ ಹಿಂದಿನ ಸಾಲಿನಲ್ಲೇ ಕೂತೆವು. ಹಳದಿ ಅಂಗಿ ತೊಟ್ಟು ನನ್ನ ಮಗಳು ಮೈದಾನಕ್ಕಿಳಿದಳು. ನಾನು ತುಟಿ ಬಿಚ್ಚಲಿಲ್ಲ. ಎಂಬತ್ತೈದು ನಿಮಿಷ! ಹೆಂಡತಿ ಎರಡು ಸಲ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು. ನಾವು ಒಂದು ಗೋಲು ಮುಂದಿದ್ದೆವು. ಅಷ್ಟರಲ್ಲಿ ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿತು. ಮಗಳು ಗೆರೆಯ ಮೇಲೆ ನಿಂತು ಕೈಯಗಲಿಸಿದಳು.

ಹಿಂದಿನಿಂದ ಒಂದು ದನಿ ಬಂತು: "ಈ ಹುಡುಗಿ ಏನು ಹಿಡೀತಾಳೆ? ಈಗಿನದು ಫುಟ್ಬಾಲೇ ಅಲ್ಲ. ಆಗ ಬಡಗಿ ಅಂತ ಒಬ್ಬ ಇದ್ದ. ಏಳು ಜನರನ್ನ ದಾಟಿ..."

ತಿರುಗಿಬಿಟ್ಟೆ. ನನ್ನದೇ ಗಿರಾಕಿ! ಹೋದ ತಿಂಗಳಷ್ಟೇ ಕನ್ನಡಕ ಮಾಡಿಸಿಕೊಂಡವರು.

"ಏಳಲ್ರೀ, ಒಬ್ಬ! ಅವನೂ ಜಾರಿ ಬಿದ್ದ! ಆಗಿನ ಕೀಪರ್‌ಗಳ ವಿಷಯ ಬಿಡಿ. ಈಗಿನ ಕೀಪರ್ ಅಂದ್ರೆ ಏನು ಅಂತ ನೋಡಬೇಕಾದ್ರೆ, ಅಲ್ಲಿ ನಿಂತಿದಾಳಲ್ಲ, ಅವಳು ನನ್ನ..."

ಅವರ ಕನ್ನಡಕದ ಗಾಜಿನಲ್ಲಿ (ನಾನೇ ಹಾಕಿದ ಗಾಜು, ಗುಣಮಟ್ಟದಲ್ಲಿ ಎರಡು ಮಾತಿಲ್ಲ) ಹಳದಿ ಚುಕ್ಕೆಯೊಂದು ಚಿಮ್ಮಿದ್ದು ಕಂಡಿತು. ಮೈದಾನವೇ ಬಿರಿಯುವ ಹಾಗೆ ಜನ ಕೂಗಿದರು. ತಿರುಗಿ ನೋಡಿದರೆ ಮಗಳು ಚೆಂಡನ್ನು ಎದೆಗವುಚಿಕೊಂಡಿದ್ದಳು. ಹೆಂಡತಿ ಎರಡೂ ಕೈಯೆತ್ತಿ ಹಾರುತ್ತಿದ್ದಳು, ಅಂದಿನ ಹಾಗೆಯೇ. ಹಾರಿ ಸಾಕಾದ ಮೇಲೆ ನನ್ನ ಮುಖ ನೋಡಿ ಪಕ್ಕದಲ್ಲಿ ಕೂತಳು.

"ಕೇಳಿಸ್ಕೊಳ್ಳಿ. ಹೇಗೆ ಹಿಡಿದ್ಲು ಅಂತ ಹೇಳ್ತೀನಿ."

ಮರುದಿನ ಪತ್ರಿಕೆಯಲ್ಲಿ ದೊಡ್ಡ ಫೋಟೋ ಬಂತು. ಮಗಳು ಗಾಳಿಯಲ್ಲಿ, ಚೆಂಡು ಬೆರಳ ತುದಿಯಲ್ಲಿ. ಅವಳ ಹಿಂದೆ ಎದ್ದು ನಿಂತ ಜನ, ಜನದ ನಡುವೆ ಬೆರಳೆತ್ತಿದ ಒಂದು ಬೆನ್ನು. ಮಗಳು ಅದನ್ನು ಚೌಕಟ್ಟು ಹಾಕಿಸಿ ತಂದುಕೊಟ್ಟಳು. ಅಂಗಡಿಯಲ್ಲಿ ಕಣ್ಣು ಪರೀಕ್ಷೆಯ ಅಕ್ಷರದ ಫಲಕದ ಪಕ್ಕದಲ್ಲೇ ತೂಗುಹಾಕಿದ್ದೇನೆ. ಬಂದವರಿಗೆಲ್ಲ "ನನ್ನ ಮಗಳು! ಏಳಡಿ ಹಾರಿದ್ಲು!" ಅನ್ನುತ್ತೇನೆ. ಬೆನ್ನಿನ ಸುದ್ದಿ ಎತ್ತುವುದಿಲ್ಲ.

ಮೊನ್ನೆ ಒಬ್ಬ ಅಜ್ಜಿ ಕಣ್ಣು ತೋರಿಸಲು ಬಂದಿದ್ದರು. ಬಾಗಿಲಲ್ಲೇ ನಿಂತು, ಬರಿಗಣ್ಣಿನಲ್ಲೇ ಫೋಟೋ ನೋಡಿ, "ಆ ಬೆನ್ನು ಹಾಕ್ಕೊಂಡು ನಿಂತಿರೋ ಬೊಕ್ಕತಲೆ ನೀನೇ ಅಲ್ವೇನಪ್ಪಾ?" ಅಂದರು.

ನಿಮಗೆ ಕನ್ನಡಕ ಬೇಡವೇ ಬೇಡ ಎಂದು ಅವರನ್ನು ಅಲ್ಲಿಂದಲೇ ಕಳಿಸಿಕೊಟ್ಟೆ.