ಕೆನ್ನೆಯ ಮೇಲಿನ ಆಫ್ರಿಕಾ

೧೯೫೭ನೇ ಇಸವಿ ಫೆಬ್ರವರಿ ಹತ್ತನೇ ತಾರೀಖು, ಭಾನುವಾರ, ಬೆಳಿಗ್ಗೆ ಏಳೂಕಾಲು ಗಂಟೆಗೆ ಗುಂಡ್ಲುಪೇಟೆಯ ಸೈನ್ಸ್ ಮೇಷ್ಟ್ರು ಮರಿಮಲ್ಲಪ್ಪ ತಮ್ಮ ಹೆಂಡತಿಯ ಮುಖವನ್ನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನೋಡಿದರು. ನೋಡಿ ಸುಮ್ಮನಿದ್ದಿದ್ದರೆ ಆ ದಿನ ಎಲ್ಲ ಭಾನುವಾರಗಳಂತೆ ಕಳೆದುಹೋಗುತ್ತಿತ್ತು.

ಚಂದ್ರಮತಿಗೆ ಆಗ ಏಳು ತಿಂಗಳು. ಬಸುರಿನಲ್ಲಿ ಕೆಲವರಿಗೆ ಬರುವಂತೆ ಅವಳ ಕೆನ್ನೆಗಳ ಮೇಲೂ ಕಂದು ಬಣ್ಣದ ಬಂಗು ಬಂದಿತ್ತು. ಕಾಫಿ ತಂದುಕೊಟ್ಟು ಎದುರಿಗೆ ನಿಂತವಳನ್ನು ಮೇಷ್ಟ್ರು ಬೆಳಕಿಗೆ ತಿರುಗಿಸಿ, "ಎಡಗೆನ್ನೇದು ಅಚ್ಚು ಆಫ್ರಿಕಾ ಖಂಡ ಇದ್ದಂಗದೆ ನೋಡು! ಪಕ್ಕದಲ್ಲಿ ಮಡಗಾಸ್ಕರ್ ಕೂಡ ಅದೆ," ಎಂದರು.

ಅವರ ಮಟ್ಟಿಗೆ ಅದು ಮೆಚ್ಚಿಗೆ. ಓದುವ ಕಾಲದಲ್ಲಿ ಭೂಪಟ ಬರೆಯುವುದರಲ್ಲಿ ಬಹುಮಾನ ಪಡೆದವರು ಅವರು.

ಚಂದ್ರಮತಿ ಒಳಗೆ ಹೋಗಿ ಒಂದು ಪುಟ್ಟ ತಗಡಿನ ಡಬ್ಬಿ ತಂದು, ಗಂಡನ ಕಣ್ಣಿಗೆ ಬೀಳುವಂತೆ ಕಿಟಕಿಯಲ್ಲಿ ಟಕ್ಕೆಂದು ಇಟ್ಟಳು. ಮುಚ್ಚಳದ ಮೇಲೆ ಹುಣ್ಣಿಮೆ ಚಂದ್ರ, ಚಂದ್ರನೊಳಗೆ ನಗುವ ಹೆಂಗಸು. ಮುಖಕ್ಕೆ ಬಳಿಯುವ 'ಚಂದ್ರಬಿಂಬ' ಎಂಬ ಸ್ನೋ.

"ಪಕ್ಕದ್ಮನೆ ಪುಟ್ಟಬಸಮ್ಮಾರು ಚಾಮರಾಜನಗರದಿಂದ ತಂದ್ಕೊಟ್ರು. ಸಂಜೆ ಅಪ್ಪಾರು ಕರ್ಕಂಡೋಗಕೆ ಬತ್ತರಲ್ಲ, ಊರ್ಗೆ ಹೋದ್ಮೇಲೆ ದಿನಾ ಎರಡೊತ್ತೂ ಬಳ್ಕತ್ತೀನಿ. ಆಫ್ರಿಕಾನ ಅಳಿಸ್ಬುಟ್ಟೇ ವಾಪಸ್ ಬರಾದು."

ಮೇಷ್ಟ್ರು ಡಬ್ಬಿ ತಿರುಗಿಸಿದರು. ತಳದಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ 'ಅಮೋನಿಯೇಟೆಡ್ ಮರ್ಕ್ಯುರಿ' ಎಂದಿತ್ತು. ಮರ್ಕ್ಯುರಿ ಎಂದರೆ ಪಾದರಸ. ಇವತ್ತು ಚರ್ಮದ ಮೂಲಕ ಹೊಟ್ಟೆಯ ಕೂಸಿಗೆ, ನಾಳೆ ಎದೆಹಾಲಿನ ಮೂಲಕ ತೊಡೆಯ ಕೂಸಿಗೆ! ಬಾಣಂತನ ಮುಗಿದು ಅವಳು ತವರೂರು ಉಮ್ಮತ್ತೂರಿನಿಂದ ಮರಳುವುದಕ್ಕೆ ಆರು ತಿಂಗಳು. ಐದೂವರೆ ಬಸ್ಸಿಗೆ ಮಾವ ಪುಟ್ಟಮಲ್ಲಪ್ಪನವರು ಬರುವುದರೊಳಗೆ ಈ ಡಬ್ಬಿ ಅವಳ ಕೈ ತಪ್ಪಬೇಕು.

ಮಾವ ಎಂದೊಡನೆ ಮೇಷ್ಟ್ರು ಅಭ್ಯಾಸಬಲದಿಂದ ಬಲಗೈ ನೋಡಿಕೊಂಡರು. ಮದುವೆಯಲ್ಲಿ ಅವರು ತೊಡಿಸಿದ ಅರ್ಧ ತೊಲದ ಚಿನ್ನದುಂಗುರ ಅಲ್ಲೇ ಇತ್ತು. ಬಂದಾಗಲೆಲ್ಲ ಅಳಿಯನ ಮುಖಕ್ಕಿಂತ ಮೊದಲು ಉಂಗುರ ನೋಡುವುದು ಮಾವನ ಪದ್ಧತಿ.

"ಲೇ, ಇದು ವಿಷ ಕಣೇ. ಬಂಗು ಬಸುರಿನಿಂದ ಬಂದದ್ದು, ಹೆರಿಗೆ ಆದ್ಮೇಲೆ ತಾನೇ ಹೋಗ್ತದೆ ಅಂತ ಲೇಡಿ ಡಾಕ್ಟ್ರು ಹೇಳಿಲ್ವ? ಅಲ್ಲೀವರ್ಗೆ ಕಡ್ಲೆಹಿಟ್ಟಲ್ಲಿ ಮುಖ ತೊಳಿ, ಕೊಬ್ರಿ ಎಣ್ಣೆ ಹಚ್ಚು, ಬಿಸಿಲಿಗೆ ಹೋದ್ರೆ ಸೆರಗು ಹೊದ್ಕೋ. ಅಷ್ಟು ಸಾಕು."

"ಅಷ್ಟ್ ದೊಡ್ ಖಂಡುಕ್ಕ ಕಡ್ಲೆಹಿಟ್ಟು ಸಾಲ್ದು."

ನಡುಗೋಡೆ ಮೋಟಾಗಿದ್ದ ಸಾಲುಮನೆ. ಗೋಡೆಯಾಚೆಯಿಂದ ಪುಟ್ಟಬಸಮ್ಮನ ದನಿ ಬಂತು: "ಮೇಷ್ಟ್ರೇ, ಪಾದರಸ ಇರಾದು ಜ್ವರ ನೋಡಾ ಕಡ್ಡೀಲಿ. ಸ್ನೋನಲ್ಲಿ ಯಾಕಿದ್ದದು? ನಮ್ ಮಂಗಮ್ಮ ಎಂಟ್ ದಿನದಿಂದ ಬಳೀತಾವ್ಳೆ, ತೆಂಗಿನ್‌ಕಾಯ್ ಹೋಳಿನಂಗೆ ಆಗವ್ಳೆ."

ಮಂಗಮ್ಮ ಪುಟ್ಟಬಸಮ್ಮನ ಸೊಸೆ. ಅವಳ ಮೂರು ತಿಂಗಳ ಕೂಸು ಆ ತೆಂಗಿನಕಾಯಿ ಹೋಳಿನಂಥ ಕೆನ್ನೆಯನ್ನೇ ದಿನವಿಡೀ ನೆಕ್ಕುತ್ತಿತ್ತು. ಮೇಷ್ಟ್ರು ಡಬ್ಬಿ ಹಿಡಿದು ಗೋಡೆಯ ಹತ್ತಿರ ಹೋದರು.

"ಇದೆ ಅಂತ ತೋರಿಸಿದ್ರೆ ನಂಬ್ತೀರಾ?"

"ತೋರ್ಸಿ ಮತ್ತೆ!"

ಹತ್ತು ಗಂಟೆಗೆ ಜಗುಲಿಯೇ ಲ್ಯಾಬೊರೇಟರಿಯಾಯಿತು. ಮೇಷ್ಟ್ರು ಬೂದಿ ಹಾಕಿ ಫಳಫಳ ಬೆಳಗಿದ ಪುಟ್ಟಬಸಮ್ಮನ ತಾಮ್ರದ ಚೊಂಬನ್ನು ಎದುರಿಗಿಟ್ಟು, ಅದರ ಹೊಟ್ಟೆಗೆ ನಿಂಬೆಹುಳಿ ಹಿಂಡಿ, ಒಂದು ಚಿಟಿಕೆ ಸ್ನೋ ಹಾಕಿ, ಬಲಗೈ ಬೆರಳುಗಳಿಂದ ತಿಕ್ಕತೊಡಗಿದರು. ತಿಕ್ಕಿದರು, ತಿಕ್ಕಿದರು. ಕೊನೆಗೆ ಪಂಚೆಯ ತುದಿಯಿಂದ ಒರೆಸಿದರೆ, ಕೆಂಪು ಚೊಂಬಿನ ಹೊಟ್ಟೆಯ ಮೇಲೆ ಬಿಳಿಯ ಚಂದ್ರ ಹುಟ್ಟಿದ್ದ!

"ನೋಡಿದ್ರಾ? ಇದೇ ಆ ಪಾದರಸ. ಇದೇ ನಿಮ್ಮ ಮೈಯೊಳಗೆ ಹೋಗೋದು!"

ನೆರೆದ ಹೆಂಗಸರೆಲ್ಲ ಚೊಂಬಿನ ಮೇಲೆ ಬಗ್ಗಿದರು. ಮೇಷ್ಟ್ರಿಗೆ ತರಗತಿ ಗೆದ್ದ ಸಮಾಧಾನ.

"ಅಯ್ಯೋ ನಮ್ಮಪ್ಪ ಮಾದೇಸ್ವರ," ಎಂದು ಪುಟ್ಟಬಸಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ಬೆಳ್ಳಿ!"

"ಬೆಳ್ಳಿ ಅಲ್ಲ ಕಣಮ್ಮಾ, ಪಾದ..."

"ಎಂಟ್ ದಿನ!" ಮಂಗಮ್ಮ ಕಿರುಚಿದಳು. "ಎಂಟ್ ದಿನ ಬೆಳ್ಳೀನ ಮುಖುಕ್ಕ ಬಳ್ಕಂಡು ತೊಳ್ದು ಚರಂಡಿಗೆ ಬುಟ್ನಲ್ಲಾ!" ಎಂದವಳೇ ಸೆರಗಿನಿಂದ ಕೆನ್ನೆ ಉಜ್ಜಿಕೊಳ್ಳುತ್ತ, ಉಳಿದ ಸ್ನೋ ತರಲು ಮನೆಗೆ ಓಡಿದಳು.

ಆಮೇಲೆ ನಡೆದದ್ದನ್ನು ಜೇನುಗೂಡಿಗೆ ಕಲ್ಲು ಬಿದ್ದಂತೆ ಎನ್ನಬಹುದು. ವ್ಯತ್ಯಾಸವೆಂದರೆ ಈ ಹುಳುಗಳೆಲ್ಲ ಪಾತ್ರೆ ಹಿಡಿದುಕೊಂಡು ಬಂದವು. ತಂಬಿಗೆ, ಬಿಂದಿಗೆ, ಉದ್ಧರಣೆ. ಇಬ್ಬರು ಸೇರಿ ಒಂದು ಸ್ನಾನದ ಹಂಡೆಯನ್ನೇ ಉರುಳಿಸಿಕೊಂಡು ಬಂದರು. ಈರುಳ್ಳಿ ತುಂಬಿಕೊಳ್ಳಲು ನಿಂತಿದ್ದ ಕೇರಳದ ಲಾರಿಯ ಡ್ರೈವರು ತನ್ನ ಗಾಡಿಯ ತಾಮ್ರದ ಕೊಳವೆ ಬಿಚ್ಚಿಕೊಂಡು ಬಂದು, "ಮಾಷೇ, ಇದೂ ವೆಳ್ಳಿ ಆಗ್ತದಾ?" ಎಂದು ಕೈ ಮುಗಿದ.

"ಯಾವುದೂ ಬೆಳ್ಳಿ ಆಗಲ್ಲಪ್ಪ! ನಾಲ್ಕು ದಿನಕ್ಕೆ ಮಾಸಿಹೋಗ್ತದೆ! ಅದರಲ್ಲಿ ನೀರು ಗೀರು ಕುಡೀಬೇಡಿ!"

"ಬೆಳ್ಳಿ ಚೊಂಬ್ನಲ್ಲಿ ಯಾರ್ ನೀರ್ ಕುಡ್ದರು, ಮೇಷ್ಟ್ರೇ?" ಎಂದು ಪುಟ್ಟಬಸಮ್ಮ ತಮ್ಮ ಚೊಂಬನ್ನು ಹಳೆ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಸೇರಿಸಲು ಹೊರಟರು. ಹೋಗುತ್ತ ಸೊಸೆಗೆ ಗದರಿದರು: "ಇನ್ಮೇಲೆ ಮುಖುಕ್ಕ ಹಚ್ಚಿದ್ರೆ ಕೈ ಮುರೀತೀನಿ ಕಣಮ್ಮಿ!"

ಮೇಷ್ಟ್ರು ಕಂಬಕ್ಕೆ ಒರಗಿ ಕುಳಿತರು. ವಿಜ್ಞಾನ ಸೋತಿತ್ತು, ಆದರೆ ಬೀದಿಯ ಒಂದು ಹೆಣ್ಣಿನ ಕೆನ್ನೆಗೂ ಇನ್ನು ಆ ಸ್ನೋ ತಾಗುವಂತಿರಲಿಲ್ಲ. ಉತ್ತರ ಸರಿ, ಲೆಕ್ಕ ಮಾಡಿದ ಕ್ರಮ ತಪ್ಪು. ಅಂಥ ಹುಡುಗರಿಗೆ ಅವರು ಅರ್ಧ ಮಾರ್ಕು ಕೊಡುತ್ತಿದ್ದರು.

ಜನ ಕರಗಿದ ಮೇಲೆ ಚಂದ್ರಮತಿ ಡಬ್ಬಿಯನ್ನು ತಾನಾಗಿಯೇ ಅವರ ಮುಂದಿಟ್ಟಳು.

"ತಕ್ಕಳಿ, ಊತಾಕಿ. ನಾನೇನ್ ಹಚ್ಕಂಡಿರ್ನಿಲ್ಲ. ಮುಚ್ಚಳ ತೆಗುದ್ರೇ ವಾಂತಿ ಬತ್ತದೆ."

"ಮತ್ತೆ ಬೆಳಿಗ್ಗೆ ಹೇಳ್ದೆ, ಎರಡೊತ್ತೂ ಅಂತ?"

"ಆಫ್ರಿಕಾ ಅಂದ್ರಲ್ಲ, ಅದುಕ್ಕ."

ಮೇಷ್ಟ್ರು ಹಿತ್ತಲಲ್ಲಿ ಆಳವಾಗಿ ಗುಂಡಿ ತೋಡಿ ಡಬ್ಬಿ ಹೂತು, ಮಂಗಮ್ಮನ ಡಬ್ಬಿಯನ್ನೂ ಕಾಡಿ ಬೇಡಿ ತಂದು ಅದರ ಪಕ್ಕದಲ್ಲೇ ಮಲಗಿಸಿ, ಕೈ ತೊಳೆದುಕೊಂಡರು. ಮನಸ್ಸು ಹತ್ತಿಯಂತೆ ಹಗುರವಾಗಿತ್ತು. ಸೀಟಿ ಹೊಡೆಯುತ್ತಲೇ ಬಸ್ ಸ್ಟ್ಯಾಂಡಿಗೆ ಹೋದರು.

ಪುಟ್ಟಮಲ್ಲಪ್ಪನವರು ಬಸ್ಸಿಳಿದು, ಚೀಲ ಕೆಳಗಿಟ್ಟು, ಪದ್ಧತಿಯಂತೆ ಅಳಿಯನ ಬಲಗೈ ಹಿಡಿದರು. ಹಿಡಿದವರು ಬಿಡಲಿಲ್ಲ.

ಮೇಷ್ಟ್ರೂ ಬಗ್ಗಿ ನೋಡಿದರು. ಬೆರಳಿನಲ್ಲಿದ್ದ ಉಂಗುರ ಸುಣ್ಣ ಬಳಿದಂತೆ ಬೆಳ್ಳಗಿತ್ತು.

ಪಾದರಸ ಸೋಕಿದರೆ ಚಿನ್ನ ಅದನ್ನು ಹೀರಿಕೊಂಡು ಬಿಳುಪಾಗುತ್ತದೆ. ಈ ಪಾಠವನ್ನು ಮೇಷ್ಟ್ರು ಪ್ರತಿ ವರ್ಷ ಮಾಡುತ್ತಿದ್ದರು. ಭಾನುವಾರ ರಜೆಯಾದ್ದರಿಂದ ನೆನಪಾಗಲಿಲ್ಲವೋ ಏನೋ.

"ಬಸ್ನಲ್ಲೇ ಯೋಳುದ್ರು," ಪುಟ್ಟಮಲ್ಲಪ್ಪನವರು ನಿಧಾನವಾಗಿ ಹೇಳಿದರು. "ಪ್ಯಾಟೇಲಿ ಒಬ್ರು ಮೇಷ್ಟ್ರು ತಾಮ್ರನ ಬೆಳ್ಳಿ ಮಾಡ್ತಾವ್ರಂತೆ ಅಂತ. ಚಿನ್ನಾನೂ ಬೆಳ್ಳಿ ಮಾಡ್ತೀರಿ ಅಂತ ನಂಗ ಗೊತ್ತಿರ್ನಿಲ್ಲ, ಅಳಿಯಂದ್ರೇ."

"ಮಾವಾ, ಇದು ಚಿನ್ನವೇ! ಪಾದರಸ..."

"ಚಿನ್ನ ಮಾರ್ಕಂಡಿದ್ರೆ ಯೋಳ್ಬುಡಿ. ಕಷ್ಟ ಯಾರ್ಗಿಲ್ಲ?"

ಮನೆಗೆ ಹೋಗುವ ದಾರಿ ಅಕ್ಕಸಾಲಿಯ ಅಂಗಡಿಯ ಕಡೆ ತಿರುಗಿತು. ಅಕ್ಕಸಾಲಿ ಉಂಗುರವನ್ನು ಕೆರೆದು, ಮೂಸಿ, ಕಣ್ಣಿಗೆ ಹತ್ತಿರ ಹಿಡಿದು, ತಕ್ಕಡಿಯಲ್ಲಿ ತೂಗಿ, "ಬಂಗಾರವೇ ಬುದ್ಧಿ. ಪಾದರಸ ಕುಡ್ದದೆ ಅಷ್ಟೇ. ಅದ ತೆಗೆಯೋಗಂಟ ಇದ ಯಾರೂ ಹಾಕ್ಕಬೇಡಿ, ಮೈಗೆ ಒಳ್ಳೇದಲ್ಲ," ಎಂದ.

ಮೇಷ್ಟ್ರು ಎದೆಯುಬ್ಬಿಸಿ, "ಬೆಳಿಗ್ಗೆಯಿಂದ ನಾನೂ ಅದನ್ನೇ ಹೇಳ್ತಿರೋದು! ಬಸುರಿ, ಬಾಣಂತಿ, ಕೂಸು, ಯಾರ ಹತ್ತಿರಕ್ಕೂ ಪಾದರಸ ಬರಬಾರದು!" ಎಂದರು.

"ದಿಟವಾದ ಮಾತು," ಎಂದು ಪುಟ್ಟಮಲ್ಲಪ್ಪನವರು ಉಂಗುರವನ್ನು ಕಾಗದದಲ್ಲಿ ಸುತ್ತಿ ತಮ್ಮ ಅಂಗಿಯ ಒಳಜೇಬಿಗೆ ಹಾಕಿಕೊಂಡರು. "ಕೂಸ್ ಎತ್ಕಳ್ಳಾ ಕೈಲಿ ಇದ್ಯಾಕೆ? ನಮ್ ಅಕ್ಕಸಾಲಿ ಕೈಲಿ ಶುದ್ಧ ಮಾಡ್ಸಿ ನಾನೇ ಮಡಗಿರ್ತೀನಿ. ಮೊಮ್ಮಗ ದೊಡ್ಡೋನಾದ್ಮೇಲೆ ಹಾಕ್ಕತ್ತನೆ."

ಮನೆಯಲ್ಲಿ ಚಂದ್ರಮತಿ ಗಂಡನ ಬೋಳು ಬೆರಳು ನೋಡಿ, ವಿಷಯವೆಲ್ಲ ಕೇಳಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಫ್ರಿಕಾ, ಮಡಗಾಸ್ಕರ್ ಎರಡೂ ಕುಲುಕಿದವು.

"ನಿಮ್ ಉಂಗುರಕೂ ಬಂಗು ಬಂತಾ? ಯೋಚ್ನೆ ಮಾಡ್ಬೇಡಿ. ಹೆರಿಗೆ ಆದ್ಮೇಲೆ ತಾನೇ ಹೋಗ್ತದಂತೆ, ಲೇಡಿ ಡಾಕ್ಟ್ರು ಯೋಳವ್ರೆ."

ಮರುದಿನ ಮೊದಲನೇ ಬಸ್ಸಿಗೆ ತಂದೆ ಮಗಳು ಹೊರಟರು. ಮಗಳ ಚೀಲದಲ್ಲಿ ಕಡಲೆಹಿಟ್ಟು, ಕೊಬ್ಬರಿ ಎಣ್ಣೆ ಇದ್ದವು. ತಂದೆಯ ಒಳಜೇಬಿನಲ್ಲಿ ಉಂಗುರವಿತ್ತು. ಅಕ್ಕಸಾಲಿಯ ತಕ್ಕಡಿಯ ಪ್ರಕಾರ ಅದರ ತೂಕ ಅರ್ಧ ತೊಲ ಚಿನ್ನದ ಮೇಲೆ ಅರ್ಧ ಗುಲಗಂಜಿ ಪಾದರಸ.