ತೊಳೆದರೆ ಹೋಗುವ ನೆಲ

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುವ ಅವನಿಗೆ ದಿನವಿಡೀ ಆಡಲು ಸಿಗುತ್ತಿದ್ದದ್ದು ಎರಡೇ ಮಾತು: "ಉಸಿರು ಬಿಗಿ ಹಿಡೀರಿ" ಮತ್ತು "ಬಿಡಿ". ಉಸಿರು ಬಿಟ್ಟವರು ಅಂಗಿ ತೊಟ್ಟುಕೊಂಡು ಹೊರಟೇಬಿಡುತ್ತಿದ್ದರು. ಮನೆಯಲ್ಲಿ ಅಷ್ಟನ್ನು ಹೇಳೋಣವೆಂದರೂ ಇನ್ನೊಂದು ಜೀವ ಇರಲಿಲ್ಲ. ಮಾತುಕತೆ ಅಂತ ನಡೆಯುತ್ತಿದ್ದರೆ ಅದು ಅವನ ಹಳೇ ಕಾರಿನಲ್ಲಿ ಮಾತ್ರ. ಮೇಲಿನ ಮಹಡಿಯ ಡ್ರಾಯಿಂಗ್ ಟೀಚರ್, ಎದುರು ಮನೆಯ ಬ್ಯಾಂಕ್ ಕ್ಯಾಷಿಯರ್ ಇಬ್ಬರೂ ಬೆಳಿಗ್ಗೆ ಅವನ ಜೊತೆಯಲ್ಲೇ ಕೆಲಸಕ್ಕೆ ಹೋಗುತ್ತಿದ್ದರು.

ಆ ಸುಖಕ್ಕೆ ಕಲ್ಲು ಹಾಕಿದ್ದು ಕಾರಿನ ಕಾರ್ಪೆಟ್ಟು. ಹಿಮ್ಮಡಿ ಊರುವ ಕಡೆ ಸವೆದು ಸವೆದು ತಗಡು ಕಾಣುತ್ತಿತ್ತು. ಒಂದು ಜೋರು ಮಳೆಯಲ್ಲಿ ಬಾಗಿಲ ಸಂದಿಯಿಂದ ನುಗ್ಗಿದ ನೀರು ಅದರೊಳಗೆ ಠಿಕಾಣಿ ಹೂಡಿತು. ಒದ್ದೆ ನಾಯಿಯೊಂದು ಸೀಟಿನ ಕೆಳಗೆ ಬಾಡಿಗೆಗೆ ಬಂದ ಹಾಗೆ ವಾಸನೆ. ಸೆಂಟು ಹೊಡೆದ, ಅದೇ ನಾಯಿ ಮದುವೆಗೆ ಹೊರಟ ಹಾಗಾಯಿತು. ಟೀಚರ್ ದಾರಿಯುದ್ದಕ್ಕೂ ಸೀನಿ, ಕೊನೆಗೆ ಡಾಕ್ಟರು ನಡೆಯಲು ಹೇಳಿದ್ದಾರೆಂದು ಬಸ್ ಸ್ಟಾಪಿನ ಕಡೆ ನಡೆದರು. ಕ್ಯಾಷಿಯರ್‌ಗೆ ಇದ್ದಕ್ಕಿದ್ದಂತೆ ಬಸ್ ಪ್ರಯಾಣದ ಮೇಲೆ ಪ್ರೀತಿ ಹುಟ್ಟಿತು. ವಾಸನೆಯ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ, ಅಷ್ಟು ಮರ್ಯಾದಸ್ಥರು. ಪಕ್ಕದ ಖಾಲಿ ಸೀಟಿನ ಬೆಲ್ಟನ್ನು ಅವನು ಆಗಾಗ ಸುಮ್ಮನೆ ಹಾಕಿ ತೆಗೆಯುತ್ತಿದ್ದ.

ಭಾನುವಾರ ಬೆಳಿಗ್ಗೆ ಸೀಟ್ ಕವರ್ ಅಂಗಡಿಯವನು ದಪ್ಪ ರಬ್ಬರ್ ಹಾಸಿನ ಸುರುಳಿಯೊಂದನ್ನು ತೋರಿಸಿದ. ಇದರ ಮೇಲೆ ಆನೆ ಕುಣಿದರೂ ಗುರುತು ಬೀಳಲ್ಲ, ಕೊಳೆಯಾದರೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದ. ತಾನೇ ಹಾಕಿಕೊಡುತ್ತೇನೆ ಎಂದನಾದರೂ ಇವನು ಒಪ್ಪಲಿಲ್ಲ. ಕಟ್ಟಡದ ಕೆಳಗೇ ಮಾಡಬೇಕು. ಕಾರ್ಪೆಟ್ ಹೋದದ್ದನ್ನು ಎಲ್ಲರೂ ಕಣ್ಣಾರೆ ನೋಡಬೇಕು.

ಸೀಟುಗಳನ್ನು ಬಿಚ್ಚಿ ನೆರಳಿನಲ್ಲಿ ಇಟ್ಟನೋ ಇಲ್ಲವೋ, ನೆಲಮಹಡಿಯ ಡ್ರೈವರ್ ಮಾಮ ಬಂದು ಒಂದರ ಮೇಲೆ ಕೂತರು. ಬಸ್ಸು ಓಡಿಸಿ ನಿವೃತ್ತರಾಗಿದ್ದರೂ ಅವರ ಬಲಗಾಲು ಇನ್ನೂ ನಿವೃತ್ತವಾಗಿರಲಿಲ್ಲ. ಇವನು ತಪ್ಪು ಮಾಡಿದಾಗಲೆಲ್ಲ ಗಾಳಿಯಲ್ಲೇ ಬ್ರೇಕ್ ಒತ್ತುತ್ತಿತ್ತು. ಕ್ಯಾಷಿಯರ್ ಟೀ ಲೋಟ ಹಿಡಿದು ಇಳಿದು ಬಂದ. ಟೀಚರ್ ಚಾಕ್‌ಪೀಸ್ ತಂದರು.

ಹಾಸನ್ನು ಬೋರಲು ಹಾಕಿ, ಹಿಂಬದಿ ಚಾಕಿನ ಗೆರೆ ಚೆನ್ನಾಗಿ ಕಾಣುತ್ತದೆ ಅಂತ ಮಾಮ ಅಪ್ಪಣೆ ಕೊಟ್ಟರು. ಅದರ ಮೇಲೆ ಹಳೇ ಕಾರ್ಪೆಟ್ಟನ್ನು ನೆಟ್ಟಗೆ ಹಾಸಿ ಟೀಚರ್ ಅಂದವಾಗಿ ಗೆರೆ ಎಳೆದರು. ಇವನು ಕತ್ತರಿಸಿದ. ಮಗುಚಿ ಕಾರಿನೊಳಗೆ ಇಟ್ಟರೆ ಎಡ ಬಲ ಅದಲು ಬದಲು. ಬ್ರೇಕಿನ ತೂತು ಪಕ್ಕದ ಸೀಟಿನವರ ಕಾಲ ಬುಡದಲ್ಲಿತ್ತು.

"ಈ ಕಾರನ್ನ ಕನ್ನಡಿ ಒಳಗೆ ಓಡಿಸ್ಬೇಕಾಗುತ್ತೆ," ಅಂದ ಕ್ಯಾಷಿಯರ್.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಇವನೂ ನಕ್ಕ. ತನ್ನ ನಗು ತನಗೇ ಅಪರಿಚಿತವಾಗಿ ಕೇಳಿಸಿತು.

ಅಂಗಡಿಗೆ ಓಡಿ ಇನ್ನೊಂದು ಸುರುಳಿ ತಂದು ಮತ್ತೆ ಕತ್ತರಿಸಿದ್ದಾಯಿತು. ಅಂಟು ಬಳಿದು, ಒಳಗೆ ನುಗ್ಗಿ ಮಂಡಿಯೂರಿ ಒತ್ತುತ್ತಾ ಹೋದವನಿಗೆ ಹಿಂದೆ ಬರಲು ಆಗಲಿಲ್ಲ. ಅಂಚಿನಲ್ಲಿ ಉಕ್ಕಿದ ಅಂಟಿಗೆ ಪ್ಯಾಂಟಿನ ಎರಡೂ ಮಂಡಿ ಕಚ್ಚಿಕೊಂಡಿದ್ದವು. ಕ್ಯಾಷಿಯರ್ ಅವನ ಸೊಂಟ ಹಿಡಿದ, ಕ್ಯಾಷಿಯರನ ಸೊಂಟವನ್ನು ಮಾಮ ಹಿಡಿದರು.

"ಉಸಿರು ಬಿಗಿ ಹಿಡೀರಿ," ಎಂದರು ಟೀಚರ್. ಅವನು ಹಿಡಿದ. ಪರ್ ಎಂದು ಸದ್ದಾಯಿತು. "ಈಗ ಬಿಡಿ."

ಮೂವರೂ ಒಬ್ಬರ ಮೇಲೊಬ್ಬರು ನೆಲಕ್ಕೆ ಬಿದ್ದರು. ಮಂಡಿಯ ಬಟ್ಟೆ ಕಾರಿನಲ್ಲೇ ಉಳಿಯಿತು. ತನಗೂ ಯಾರೋ ಹಾಗೆ ಹೇಳಿದರಲ್ಲ ಅನ್ನಿಸಿತು ಅವನಿಗೆ. ಅಂಟಿನ ಘಾಟು ಕಣ್ಣಿಗೆ ಹೋಯಿತೆಂದು ಹೇಳಿ ಒರೆಸಿಕೊಂಡ.

ಅಂಟು ಒಣಗುವವರೆಗೆ ಎಲ್ಲರೂ ಬಿಚ್ಚಿಟ್ಟ ಸೀಟುಗಳ ಮೇಲೆ ಕೂತು ಹರಟಿದರು. ಒಣಗಿದೆಯಾ ಎಂದು ಕೇಳಿದಾಗಲೆಲ್ಲ ಅವನು ಬೆರಳಿಟ್ಟು ನೋಡಿ, ಇನ್ನೂ ಸ್ವಲ್ಪ ಹಸಿ ಇದೆ ಅನ್ನುತ್ತಿದ್ದ. ಅದು ಯಾವಾಗಲೋ ಒಣಗಿತ್ತು. ಸಂಜೆ ಸೀಟು ಕೂರಿಸುವಾಗ ಒಂದೊಂದು ಬೋಲ್ಟನ್ನೂ ಸಾಧ್ಯವಾದಷ್ಟು ನಿಧಾನವಾಗಿ ತಿರುಗಿಸಿದ.

ಟೀಚರ್ ಕಾರಿನೊಳಗೆ ಬಗ್ಗಿ ಹೊಸ ನೆಲವನ್ನು ಸವರಿ ನೋಡಿದರು. ಒಮ್ಮೆಯೂ ಸೀನಲಿಲ್ಲ.

"ಇದರ ಮೇಲಿನ ಕೊಳೆ ನಿಜವಾಗ್ಲೂ ತೊಳೆದ್ರೆ ಹೋಗುತ್ತಾ?"

"ಏನು ಬಿದ್ರೂ ಹೋಗುತ್ತೆ, ಟೀಚರ್."

"ಹಾಗಾದ್ರೆ ನಾಳೆ ಬೆಳಿಗ್ಗೆ ನಂಗೆ ಸ್ವಲ್ಪ ಜಾಗ ಇರುತ್ತಾ?"

ಇರುತ್ತದೆ ಎಂದ. ಕ್ಯಾಷಿಯರ್ ತನಗೂ ಬೇಕು ಅಂದ. ಮಗಳ ಮನೆ ಅದೇ ದಾರಿಯಲ್ಲಿದೆ, ನನ್ನನ್ನೂ ಮರೀಬೇಡ ಅಂದರು ಮಾಮ. ಅವನು ಮನೆಗೆ ಹೋಗಿ ಅಂಗಿಗೆ ಇಸ್ತ್ರಿ ಹಾಕಿದ. ದಾರಿಯಲ್ಲಿ ಆಡಬೇಕಾದ ಮಾತುಗಳನ್ನು ಯೋಚಿಸುತ್ತಾ ಹಾಸಿಗೆಯಲ್ಲಿ ಹೊರಳಾಡಿದ.

ಬೆಳಿಗ್ಗೆ ಕೆಳಗಿಳಿದಾಗ ಮೂವರೂ ಕಾರಿನ ಬಳಿ ಕಾಯುತ್ತಿದ್ದರು. ಬಾಗಿಲು ತೆರೆದದ್ದೇ ತಡ, ಡ್ರೈವರ್ ಮಾಮ ಮಗಳ ತೋಟಕ್ಕೆಂದು ಎರಡು ಮೂಟೆ ಸಗಣಿಗೊಬ್ಬರವನ್ನು ಹಿಂದೆ ತಳ್ಳಿದರು. ಕ್ಯಾಷಿಯರ್ ತಮ್ಮನ ಮನೆಗೆ ಹೋಗಬೇಕಾದ, ಅಲ್ಲಲ್ಲಿ ಸೋರುವ ಮೀನಿನ ತೊಟ್ಟಿಯನ್ನು ಮೀನುಗಳ ಸಮೇತ ಇಟ್ಟ. ಮುಂದಿನ ಸೀಟಿನ ಮೇಲೂ ಕೆಳಗೂ ಟೀಚರರ ಶಾಲೆಯ ಮಕ್ಕಳು ಬೊಂಬೆ ಮಾಡಲು ಬೇಕಾದ ಹಸಿ ಜೇಡಿಮಣ್ಣಿನ ಬಕೆಟ್ಟುಗಳು ಕೂತವು.

"ನೀವೆಲ್ಲಿ ಕೂತ್ಕೋತೀರಾ?" ಅಂತ ಕೇಳಿದ.

"ಜಾಗ ಎಲ್ಲಿದೆ ಸಾರ್? ಇದನ್ನೆಲ್ಲ ಬಸ್ಸಿಗೆ ಹತ್ತಿಸಲ್ಲ. ನಮ್ಮನ್ನಾದ್ರೆ ಹತ್ತಿಸ್ತಾರೆ," ಎಂದರು ಟೀಚರ್. ಮೂವರೂ ನಗುತ್ತಾ ಬಸ್ ಸ್ಟಾಪಿಗೆ ಹೋದರು.

ದಾರಿಯಲ್ಲಿ ಅವನ ಕಾರು ಅವರು ಹತ್ತಿದ ಬಸ್ಸಿನ ಹಿಂದೆಯೇ ಓಡುತ್ತಿತ್ತು. ಹಿಂದಿನ ಗಾಜಿನಲ್ಲಿ ಮೂರು ಮುಖಗಳೂ ಕಂಡವು. ಅವರು ಅವನತ್ತ ಕೈಯಾಡಿಸುತ್ತಿದ್ದರು. ಅವನ ಮುಖ ಅರಳಿತು. ಸ್ಟೀರಿಂಗ್ ಬಿಟ್ಟು ತಾನೂ ಜೋರಾಗಿ ಕೈ ಬೀಸಿದ. ಅವರು ಮತ್ತಷ್ಟು ಗಾಬರಿಯಿಂದ ಕೈಯಾಡಿಸಿದರು. ಆಗ ಅವನಿಗೆ ಹೊಳೆಯಿತು: ಆ ಕೈಗಳು ಕರೆಯುತ್ತಲೂ ಇರಲಿಲ್ಲ, ನಮಸ್ಕಾರ ಹೇಳುತ್ತಲೂ ಇರಲಿಲ್ಲ. ಮೀನು ಚೆಲ್ಲೀತು, ಸ್ವಲ್ಪ ನಿಧಾನವಾಗಿ ಓಡಿಸು ಅನ್ನುತ್ತಿದ್ದವು.

ಅವನು ನಿಧಾನ ಮಾಡಿದ. ಬಸ್ಸು ಮುಂದೆ ಹೋಯಿತು.