ಇನ್ನೂ ಇಳಿಯುತ್ತೆ

ಎಲ್ಲ ಕೆಟ್ಟದ್ದು 'ಇನ್ನೂ ಇಳಿಯುತ್ತೆ' ಎಂಬ ಎರಡೇ ಪದಗಳಿಂದ. ಅರ್ಥಶಾಸ್ತ್ರದ ಮೇಷ್ಟ್ರು ಸೋಲಾರ್ ಪ್ಯಾನಲ್ ಕೊಳ್ಳಲು ಹೊರಟಾಗಲೆಲ್ಲ ಅದರ ಬೆಲೆ ಇಳಿದ ಸುದ್ದಿ ಪೇಪರಿನಲ್ಲಿ ಬರುತ್ತಿತ್ತು. ನಾಳೆ ಅಗ್ಗವಾಗುವುದನ್ನು ಇವತ್ತೇ ಕೊಳ್ಳುವವನು ಪೆದ್ದ ಎಂದು ಅವರು ಚಪ್ಪಲಿ ಬಿಚ್ಚಿಟ್ಟು ಒಳಗೆ ಮರಳುತ್ತಿದ್ದರು. ಕೇಳಿದವರಿಗೂ ಕೇಳದವರಿಗೂ ಅದೇ ಬುದ್ಧಿವಾದ. ಬೀದಿಯವರು 'ಇಳಿಯುತ್ತೆ ಮೇಷ್ಟ್ರು' ಎಂದೇ ಹೆಸರಿಟ್ಟರು.

ಇಳಿಯದೆ ಉಳಿದದ್ದು ಹೆಂಡತಿಯ ಮಂಡಿನೋವು. ಮನೆಯಲ್ಲೇ ಬಟ್ಟೆ ಹೊಲಿಯುವ ಆಕೆಯ ಮಿಷನ್ನಿಗೆ ಮೋಟಾರೇನೋ ಇತ್ತು, ಹಗಲಲ್ಲಿ ಕರೆಂಟು ಇರುತ್ತಿರಲಿಲ್ಲ. ಕಾಲಲ್ಲೇ ತುಳಿದು ತುಳಿದು ಮಂಡಿ ಸವೆದಿತ್ತು. ಇವತ್ತು ಬೆಳಿಗ್ಗೆ ಆಕೆ ಗೋಡೆ ಹಿಡಿದು ಏಳುವುದನ್ನು ಕಂಡು ಮೇಷ್ಟ್ರ ಕರುಳು ಚುರುಕ್ಕೆಂದಿತು.

"ಇವತ್ತೇ ಹಾಕಿಸ್ತೀನಿ ಕಣೇ."

"ಜ್ವರ ಗಿರ ಬಂದಿದೆಯೇನ್ರೀ?" ಆಕೆ ಹಣೆ ಮುಟ್ಟಿ ನೋಡಿದಳು.

ಎಲ್ಲಿ ಮನಸ್ಸು ಬದಲಿಸುತ್ತಾರೋ ಎಂದು ಅಂಗಡಿಯವನು ಪ್ಯಾನಲ್ಲು, ಬ್ಯಾಟರಿ, ಫಿಟ್ಟರ್ ಮೂರನ್ನೂ ಒಂದೇ ಗಾಡಿಯಲ್ಲಿ ಅಟ್ಟಿದ. ಫಿಟ್ಟರ್ ತಾರಸಿ ಹತ್ತಿ ನೋಡಿದ. "ಬಿಸಿಲೆಲ್ಲ ಬರೋದು ಈ ಪಕ್ಕದ ಮನೆ ಮೇಲಿಂದ ಸಾರ್. ಅದು ತಗ್ಗಾಗಿರೋದು ನಿಮ್ಮ ಪುಣ್ಯ."

ಎದುರು ಮನೆಯ ನಿವೃತ್ತ ಬ್ಯಾಂಕಿನವರು ಬಾಲ್ಕನಿಯಿಂದ ಕೂಗಿದರು. "ತಡೀರಿ ಮೇಷ್ಟ್ರೇ! ಉಪ್ಪಿನಿಂದ ಬ್ಯಾಟರಿ ಮಾಡ್ತಿದಾರಂತೆ. ಮುಂದಿನ ವರ್ಷ ಸೇರಿನಲ್ಲಿ ಅಳೆದು ಕೊಡ್ತಾರೆ!"

"ಕಿಟಕಿ ಗಾಜೇ ಕರೆಂಟು ಕೊಡುತ್ತಂತೆ," ಎಂದರು ಅವರ ಹೆಂಡತಿ.

ಮೇಷ್ಟ್ರ ಬಾಯಿ ತನ್ನಷ್ಟಕ್ಕೆ "ಇನ್ನೂ ಇಳಿ..." ಎಂದಿತು. ಕೆಳಗೆ ಮಿಷನ್ ತುಳಿಯುವ ಸದ್ದು ಕೇಳಿ ನಾಲಿಗೆ ಕಚ್ಚಿಕೊಂಡರು. "ಬೋಲ್ಟು ಬಿಗಿಯಪ್ಪ, ಬೇಗ!"

ನೀರಿನ ಟ್ಯಾಂಕು ಸರಿಸಲು ಹೋದರೆ ಪೈಪು ಕಿತ್ತು ಬಂದು ಮೇಷ್ಟ್ರಿಗೆ ಎರಡನೇ ಸ್ನಾನವಾಯಿತು. ಹಿಂದೆ ಸರಿದರೆ ಹಗ್ಗದ ಮೇಲಿದ್ದ ಗಿರಾಕಿಯ ಗೌನು ತಲೆಯ ಮೇಲೆ ಬಿತ್ತು. ಬೀದಿಗೆ ಬೀದಿಯೇ ನಕ್ಕಿತು.

ಮಧ್ಯಾಹ್ನವಾದರೂ ಕರೆಂಟು ಬರಲಿಲ್ಲ. ಮೋಟಾರು ಮಾತ್ರ ತಿರುಗತೊಡಗಿತು. ಹೆಂಡತಿ ಪಾದದ ತುದಿಯಿಂದ ಸ್ವಿಚ್ಚು ಒತ್ತಿಕೊಂಡು ಹಾಯಾಗಿ ಹೊಲಿದಳು.

"ಇದನ್ನ ಆವತ್ತೇ ಹಾಕಿಸಿದ್ರೆ ಏನಾಗ್ತಿತ್ರೀ?"

ಆಕೆಯ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅದಕ್ಕೇ ಮೇಷ್ಟ್ರಿಗೆ ಹೆಚ್ಚು ನೋವಾಯಿತು. ಎಷ್ಟು ವರ್ಷಗಳ ಬಿಸಿಲು ತಾರಸಿಯ ಮೇಲೆ ಸುಮ್ಮನೆ ಸುರಿದು ಹೋಯಿತಲ್ಲ!

ಅಷ್ಟರಲ್ಲಿ ಇಟ್ಟಿಗೆ ಲಾರಿಯೊಂದು ಬೀದಿಯಲ್ಲಿ ನಿಂತಿತು. ಪಕ್ಕದ ಮನೆಯ ಔಷಧಿ ಅಂಗಡಿಯವರು ಓಡಿ ಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು.

"ನಿಮ್ಮ ಉಪಕಾರ ಮರೆಯೋ ಹಾಗಿಲ್ಲ!"

"ನಾನೇನು ಮಾಡಿದೆ?"

"ನಾನೂ ಪ್ಯಾನಲ್ ಹಾಕಿಸೋಣ ಅಂತಿದ್ದೆ. 'ಪ್ಯಾನಲ್ ಇನ್ನೂ ಇಳಿಯುತ್ತೆ, ಇಟ್ಟಿಗೆ ಏರುತ್ತೆ, ಮೊದಲು ಮಹಡಿ ಎತ್ತಿಸಿ' ಅಂದವರು ನೀವೇ ಅಲ್ವಾ? ನಾಳೆಯಿಂದ ಕೆಲಸ ಶುರು. ಒಂದಲ್ಲ, ಎರಡು ಮಹಡಿ!"

ತಾರಸಿಯ ಮೇಲೆ ಸ್ಪ್ಯಾನರ್ ಒರೆಸುತ್ತಿದ್ದ ಫಿಟ್ಟರ್ ಪಕ್ಕದ ಮನೆಯನ್ನೊಮ್ಮೆ, ಸೂರ್ಯನನ್ನೊಮ್ಮೆ ನೋಡಿ, ಮೇಷ್ಟ್ರನ್ನು ನೋಡಲಾರದೆ ತಲೆ ತಗ್ಗಿಸಿದ.

"ಮಹಡಿ ಮುಗಿದ ಮೇಲೆ ನಾನೂ ಮೇಲೆ ಪ್ಯಾನಲ್ ಹಾಕಿಸ್ತೀನಿ," ಎಂದರು ಔಷಧಿ ಅಂಗಡಿಯವರು. "ಅಷ್ಟರಲ್ಲಿ ಇನ್ನೂ ಇಳಿಯುತ್ತಲ್ವಾ, ಮೇಷ್ಟ್ರೇ?"

ಒಳಗೆ ಹೆಂಡತಿ ಏನೋ ಗುನುಗಿಕೊಂಡು ಹೊಲಿಯುತ್ತಿದ್ದಳು. ಮೇಷ್ಟ್ರು ತಮ್ಮ ತಾರಸಿಯ ಮೇಲೆ ಮಿರಮಿರ ಮಿಂಚುತ್ತಿದ್ದ ಪ್ಯಾನಲ್ಲುಗಳನ್ನು ದಿಟ್ಟಿಸಿದರು.

"ಇಳಿಯುತ್ತೆ," ಎಂದರು.